ಪಾಳಿ ಪುಸ್ತಕ: ಆನೆಗೊಂದಿಯಲ್ಲಿ ನಾವು ಅತಿಥಿಗಳನ್ನು ಹಂಚಿಕೊಂಡ ಬಗೆ

2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮರುತಿಂಗಳು ಹಂಪಿಯ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ಅಕ್ರಮ ರೆಸಾರ್ಟುಗಳನ್ನು ತೆರವುಗೊಳಿಸಿದಾಗ, ಅಲ್ಲಿ ರೊಟ್ಟಿ ಬಡಿಯುತ್ತಿದ್ದ, ಹಾಸಿಗೆ ಬಟ್ಟೆ ಒಗೆಯುತ್ತಿದ್ದ ನಮ್ಮ ಸುತ್ತಮುತ್ತಲಿನ ಹೆಂಗಸರ ಕೆಲಸವೂ ಹೋಯಿತು. ಪ್ರವಾಸೋದ್ಯಮದಲ್ಲಿ ಅವರಿಗೆ ಕೂಲಿಯಿತ್ತೇ ಹೊರತು ಪಾಲಿರಲಿಲ್ಲ ಎಂಬುದು ನನಗೆ ಮನವರಿಕೆಯಾದದ್ದು ಆಗಲೇ. ಮರುವರ್ಷ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ನಮ್ಮ ಐದು ಮನೆಗಳವರು ಸೇರಿ, ಇದ್ದ ಮನೆಗಳಲ್ಲೇ ತಲಾ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದೆವು. ನಮ್ಮೂರು ಹಂಪಿಯ ವಿಶ್ವ ಪರಂಪರೆ ಪ್ರದೇಶಕ್ಕೆ ಸೇರಿದ್ದು, ಇಲ್ಲಿ ಮನಬಂದಂತೆ ಕಟ್ಟುವಂತಿಲ್ಲ. ಹೊಸದಾಗಿ ಕಟ್ಟುವ ಆಸೆಯೂ ನಮಗಿರಲಿಲ್ಲ.

ಮೊದಲ ವರ್ಷ ತಪ್ಪಿದ್ದು ನನ್ನಿಂದಲೇ. ಕರೆಗಳೆಲ್ಲ ನನ್ನ ಮೊಬೈಲಿಗೆ ಬರುತ್ತಿದ್ದುದರಿಂದ, ನಾಲ್ಕು ದಿನ ನಿಲ್ಲುವವರನ್ನು ನನಗೆ ಅರಿವಿಲ್ಲದೆಯೇ ನನ್ನ ಮನೆಗೂ ತಂಗಿಯ ಮನೆಗೂ ಕಳುಹಿಸುತ್ತಿದ್ದೆ, ಒಂದೇ ರಾತ್ರಿಯವರು ಉಳಿದ ಮೂರು ಮನೆಗಳ ಪಾಲಾಗುತ್ತಿದ್ದರು. ಓದುಬರಹ ಬಾರದ ಹಿರಿಯಳೊಬ್ಬಳು ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು, ಸೆರಗಿನ ಗಂಟು ಬಿಚ್ಚಿ ಕಡಲೆಕಾಳುಗಳನ್ನು ಐದು ಗುಂಪು ಮಾಡಿ ಇಟ್ಟಳು. ಅತಿಥಿ ತಂಗಿದ ಒಂದೊಂದು ರಾತ್ರಿಗೆ ಒಂದು ಕಾಳು. ನನ್ನ ಗುಂಪೇ ಎಲ್ಲಕ್ಕಿಂತ ದೊಡ್ಡದಿತ್ತು. ಆಕೆ ಒಂದು ಮಾತನ್ನೂ ಆಡಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನವೇ ಪಾಳಿ ಪುಸ್ತಕ ಆರಂಭಿಸಿದೆವು. ಪಾಳಿಯನ್ನು ಅತಿಥಿಗಳ ತಲೆ ಎಣಿಸದೆ ರಾತ್ರಿಗಳನ್ನು ಎಣಿಸಿ ನಿರ್ಧರಿಸುತ್ತೇವೆ: ಯಾವ ಮನೆಯ ರಾತ್ರಿಗಳು ಕಡಿಮೆಯೋ, ಮುಂದಿನ ಅತಿಥಿ ಆ ಮನೆಗೆ. ಓದು ಬಾರದವರಿಗೂ ತಿಳಿಯಲೆಂದು ಪ್ರತಿ ಮನೆಗೆ ಬಾಳೆಗೊನೆ, ಬಿಂದಿಗೆ, ಒನಕೆ ಮುಂತಾದ ಒಂದೊಂದು ಚಿತ್ರವಿದೆ. ಪುಸ್ತಕ ತಿಂಗಳಿಗೊಂದು ಮನೆಯಲ್ಲಿ ಇರುತ್ತದೆ, ಮೊಬೈಲೂ ಅದರ ಜೊತೆಗೇ ಹೋಗುತ್ತದೆ. ಲೆಕ್ಕ ಒಬ್ಬರ ಕೈಯಲ್ಲಿ ಕರೆ ಇನ್ನೊಬ್ಬರ ಕೈಯಲ್ಲಿ ಇದ್ದರೆ ಅನುಮಾನ ಬೆಳೆಯುತ್ತದೆ ಎಂಬುದನ್ನು ನಾವು ಪೆಟ್ಟು ತಿಂದೇ ಕಲಿತೆವು.

ಅತಿಥಿಗಳನ್ನು ಹೊಳೆಯಲ್ಲಿ ಸುತ್ತಾಡಿಸುವ ಹರಿಗೋಲಿನವರೊಂದಿಗಿನ ಹಂಚಿಕೆ ಇದಕ್ಕಿಂತ ಕಷ್ಟವಾಯಿತು. ಬಂದ ಹಣದಲ್ಲಿ ಎಲ್ಲರೂ ಹತ್ತಕ್ಕೆ ಒಂದು ಪಾಲನ್ನು ಊರಿನ ಗಂಟಿಗೆ ಹಾಕಬೇಕೆಂದು ನಾವು ಮೊದಲು ತೀರ್ಮಾನಿಸಿದ್ದೆವು. ಕೇಳಲು ಅದು ಸಮನಾಗಿತ್ತು, ಆದರೆ ನ್ಯಾಯವಾಗಿರಲಿಲ್ಲ. ಹರಿಗೋಲಿನ ಬಿದಿರಿನ ಹೆಣಿಗೆ ಸಡಿಲವಾದಾಗ ಬಿಗಿಯಬೇಕು, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯಬೇಕು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ವಾರಗಟ್ಟಲೆ ಹರಿಗೋಲು ದಡದಲ್ಲೇ ಬೋರಲಾಗಿ ಬಿದ್ದಿರುತ್ತದೆ. ಕೋಣೆ ಕೊಡುವ ನಮಗೆ ಅಂಥ ದಿನಗಳಲ್ಲೂ ಒಬ್ಬಿಬ್ಬರು ಬರುತ್ತಾರೆ, ಹರಿಗೋಲಿನವರಿಗೆ ದುಡಿಮೆಯೇ ಇಲ್ಲ. ಆದ್ದರಿಂದ ಈಗ ದುರಸ್ತಿಯ ಖರ್ಚು ಕಳೆದ ಮೇಲಷ್ಟೇ ಅವರ ಪಾಲನ್ನು ಲೆಕ್ಕ ಹಾಕುತ್ತೇವೆ, ಹೊಳೆ ತುಂಬಿದ ದಿನಗಳಲ್ಲಿ ಊರಿನ ಗಂಟಿನಿಂದ ಅವರಿಗೇ ಒಂದಿಷ್ಟು ಕೊಡುತ್ತೇವೆ. ಹೋಮ್‌ಸ್ಟೇ ನಡೆಸುವ ಕೆಲವರಿಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. ಅತಿಥಿ ಬರುವುದು ನನ್ನ ಕೋಣೆಯ ಚೆಂದ ನೋಡಿ ಅಲ್ಲ, ಹೊಳೆ ಮತ್ತು ಬಂಡೆಗಳನ್ನು ನೋಡಲು ಎಂದು ನಾನು ಅವರಿಗೆ ಹೇಳುತ್ತಲೇ ಇದ್ದೇನೆ.

ಹೊರಗಿನ ಏಜೆಂಟರ ವಿಷಯದಲ್ಲಿ ಒಂದೇ ನಿಯಮವಿದೆ: ಮುಂಗಡವಿಲ್ಲದೆ ಅಡುಗೆ ಇಲ್ಲ. ಒಬ್ಬರು ಇಪ್ಪತ್ತೆರಡು ಮಂದಿಗೆ ಊಟ ಹೇಳಿ ಬಾರದೆ ಹೋದ ದಿನ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜೋಳದ ರೊಟ್ಟಿಗಳನ್ನು ಮನೆಮನೆಗೆ ಹಂಚಿ, ನಷ್ಟವನ್ನೂ ಐದು ಪಾಲು ಮಾಡಿಕೊಂಡೆವು.

ಇನ್ನೂ ಬಗೆಹರಿಯದ ಮಾತೊಂದಿದೆ. ಅತಿಥಿಗೆ ಕೊಡಲು ಹೆಚ್ಚಿನ ಕೋಣೆಯೇ ಇಲ್ಲದ ಮನೆಗಳಿಗೆ ಈ ಪುಸ್ತಕದಲ್ಲಿ ಚಿತ್ರವಿಲ್ಲ. ಬಟ್ಟೆ ಒಗೆಯುವ ಕೆಲಸವನ್ನೂ, ಬಾಳೆನಾರಿನ ಬುಟ್ಟಿಗಳ ಮಾರಾಟವನ್ನೂ ಅವರಿಗೇ ಬಿಟ್ಟಿದ್ದೇವೆ, ಆದರೆ ಅದು ಮತ್ತೆ ಕೂಲಿಯೇ ಆಗುತ್ತಿದೆ. ಕಡಲೆಕಾಳು ಇಟ್ಟ ಆ ಹಿರಿಯಳು ತನ್ನ ಎರಡನೆಯ ಕೋಣೆಯನ್ನು ಪಕ್ಕದ ಮನೆಯ ವಿಧವೆಯೊಬ್ಬಳು ನಡೆಸಲಿ, ಬಂದದ್ದನ್ನು ಅರ್ಧರ್ಧ ಹಂಚಿಕೊಳ್ಳೋಣ ಎಂದಿದ್ದಾಳೆ. ಕಳೆದ ಶನಿವಾರ ಪುಸ್ತಕದಲ್ಲಿ ಆರನೆಯ ಚಿತ್ರ ಬರೆದೆವು; ಆ ವಿಧವೆ ಕೇಳಿ ಬರೆಸಿಕೊಂಡದ್ದು ಮೊರದ ಚಿತ್ರ.