ಬ್ಲೇಡ್ ರನ್ನರ್ ಮರುವೀಕ್ಷಣೆಯ ಲೆಕ್ಕ: ಬದಲಾದದ್ದು ಡಿಸ್ಕಾ, ನಾನಾ?

ಒಂದೇ ಸಿನಿಮಾ ಮತ್ತೆ ಮತ್ತೆ ನೋಡಿ, ಪ್ರತಿ ಸಲ ಏನನ್ನಿಸಿತು ಅಂತ ಬರೆದಿಡುವುದು ಕೆಲಸವಿಲ್ಲದವರ ಕೆಲಸ ಎಂದವರೇ ಹೆಚ್ಚು. ‘ವಯಸ್ಸಾದ ಹಾಗೆ ರುಚಿ ಬದಲಾಗುತ್ತೆ, ಅದಕ್ಕೊಂದು ನೋಟ್‌ಬುಕ್ ಬೇರೆ ಬೇಕಾ?’ ಅನ್ನುವುದು ಅವರ ವಾದ. ‘ಬ್ಲೇಡ್ ರನ್ನರ್’ ಎಂಬ ವೈಜ್ಞಾನಿಕ ಕಲ್ಪನೆಯ ಸಿನಿಮಾದ ಮಟ್ಟಿಗೆ ಆ ವಾದ ಅರ್ಧಕ್ಕರ್ಧ ಸುಳ್ಳು ಅಂತ ಈಗ ಟಿಪ್ಪಣಿ ಮುಂದಿಟ್ಟೇ ಹೇಳಬಲ್ಲೆ. ವಯಸ್ಸಿನ ಖಾತೆಗೆ ಜಮೆಯಾಗಿದ್ದ ಎಷ್ಟೋ ಬದಲಾವಣೆಗಳು ಬಂದಿದ್ದು ಡಿಸ್ಕಿನಿಂದ, ಟಿ.ವಿ. ಸೆಟ್ಟಿಂಗಿನಿಂದ. ನೋಡುವವನು ನಿಜವಾಗಿ ಬದಲಾದ ಜಾಗ ಬೇರೆಯೇ ಇತ್ತು.

ಕಥೆ ಗೊತ್ತಿರುವವರಿಗೇ ಇದನ್ನು ಬರೆಯುತ್ತಿರುವುದು, ಹಾಗಾಗಿ ನೇರ ಆವೃತ್ತಿಗಳಿಗೆ ಬರುತ್ತೇನೆ. 1982ರ ಅಮೆರಿಕನ್ ಆವೃತ್ತಿಯಲ್ಲಿ, ರೆಪ್ಲಿಕಂಟ್ ಅಂದರೆ ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳನ್ನು ಬೇಟೆಯಾಡುವ ನಾಯಕ ಡೆಕರ್ಡ್‌ನ ಹಿನ್ನೆಲೆ ನಿರೂಪಣೆ ಇದೆ, ಕೊನೆಗೆ ಹಸಿರು ಬೆಟ್ಟಗಳ ನಡುವೆ ಕಾರು ಓಡುತ್ತದೆ. ಅದೇ ವರ್ಷ ಹೊರದೇಶಗಳಿಗೆ ಹೋದದ್ದರಲ್ಲಿ ಹೊಡೆದಾಟ ಸ್ವಲ್ಪ ಹೆಚ್ಚು ಕ್ರೂರ. 1992ರ ‘ಡೈರೆಕ್ಟರ್ಸ್ ಕಟ್’ನಲ್ಲಿ ನಿರೂಪಣೆಯೂ ಇಲ್ಲ, ಆ ಸುಖಾಂತ್ಯವೂ ಇಲ್ಲ, ಬದಲಿಗೆ ಡೆಕರ್ಡ್ ಕಾಣುವ ಒಂಟಿಕೊಂಬಿನ ಕುದುರೆಯ ಕನಸು ಸೇರಿತು. 2007ರ ‘ಫೈನಲ್ ಕಟ್’ ನಿರ್ದೇಶಕ ರಿಡ್ಲಿ ಸ್ಕಾಟ್ ತನ್ನ ಇಷ್ಟದಂತೆ ತಿದ್ದಿ ಮುಗಿಸಿದ್ದು. ಇವಲ್ಲದೆ ಬಿಡುಗಡೆಗೆ ಮುಂಚಿನ ವರ್ಕ್‌ಪ್ರಿಂಟ್ ಒಂದಿದೆ. ‘ಹತ್ತು ಸಲ ನೋಡಿದ್ದೇನೆ’ ಅನ್ನುವವರನ್ನು ಯಾವುದನ್ನು ಎಷ್ಟು ಸಲ ಎಂದು ಕೇಳಿ ನೋಡಿ, ಹೆಚ್ಚಿನವರು ತಡವರಿಸುತ್ತಾರೆ.

ಸೂತ್ರ ಒಂದೇ. ಆವೃತ್ತಿ, ಉಪಕರಣ, ನೋಡುವವನು ಈ ಮೂರರಲ್ಲಿ ಒಂದು ಸಲಕ್ಕೆ ಒಂದೇ ಬದಲಾಗಬೇಕು. ಆಧಾರಕ್ಕೆ ‘ಫೈನಲ್ ಕಟ್’ ಇಟ್ಟುಕೊಂಡೆ. ಒಳ್ಳೆಯದು ಅನ್ನುವ ಕಾರಣಕ್ಕಲ್ಲ, ಇನ್ನು ಮುಂದೆ ಯಾರೂ ಅದನ್ನು ತಿದ್ದುವ ಲಕ್ಷಣ ಕಾಣುತ್ತಿಲ್ಲ ಅಂತ. ಪೂರ್ಣ ವೀಕ್ಷಣೆಗಳ ನಡುವೆ ಕಡಿಮೆಯೆಂದರೂ ಒಂದು ವರ್ಷದ ಅಂತರ ಬೇಕು. ವಾರ, ತಿಂಗಳ ಅಂತರದಲ್ಲಿ ನೋಡಿದರೆ ಪರೀಕ್ಷೆಯಾಗುವುದು ಜ್ಞಾಪಕಶಕ್ತಿ. ಮುಂದಿನ ಸಂಭಾಷಣೆ ಬಾಯಿಗೆ ಬಂದುಬಿಡುತ್ತದೆ, ಅನಿಸಿಕೆ ಹುಟ್ಟುವುದಕ್ಕೆ ಜಾಗವೇ ಇರುವುದಿಲ್ಲ.

ನೋಡುವ ಮುಂಚೆ ಒಂದು ಪುಟ ಬರೆಯಬೇಕು. ಯಾವ ದೃಶ್ಯಗಳು ನೆನಪಿವೆ, ಯಾವ ಕ್ರಮದಲ್ಲಿ, ಯಾರ ಮೇಲೆ ಕನಿಕರ, ಯಾರ ಮೇಲೆ ಸಿಟ್ಟು. ಇಡೀ ಪದ್ಧತಿ ನಿಂತಿರುವುದು ಈ ಪುಟದ ಮೇಲೆ. ನೋಡಿದ ಮೇಲೆ ಬರೆದರೆ ‘ನನಗೆ ಮೊದಲಿಂದಲೂ ಹೀಗೇ ಅನ್ನಿಸುತ್ತಿತ್ತು’ ಅಂತ ತಲೆ ಹಳೆಯ ಅಭಿಪ್ರಾಯವನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ. ನೋಡಿದ ಮೇಲಿನ ಪುಟವನ್ನು ಅರ್ಧ ಗಂಟೆಯೊಳಗೆ ಬರೆಯಬೇಕು, ಹಿಂದಿನ ವರ್ಷದ್ದನ್ನು ಅದಕ್ಕೂ ಮೊದಲು ತೆರೆಯಕೂಡದು. ನಮೂದನ್ನು ದೃಶ್ಯದ ಹೆಸರಲ್ಲಿ ಮಾಡಿ, ನಿಮಿಷದ ಲೆಕ್ಕದಲ್ಲಿ ಬೇಡ. ಆವೃತ್ತಿಯಿಂದ ಆವೃತ್ತಿಗೆ ನಿಮಿಷ ತಾಳೆಯಾಗುವುದಿಲ್ಲ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ಕ್ಕೆ ಓಡಿಸುವ ಹಳೆಯ ಪಾಲ್ (ಒಂದು ಟಿ.ವಿ. ಪದ್ಧತಿ) ಡಿವಿಡಿಯಾದರೆ 117 ನಿಮಿಷದ ಸಿನಿಮಾ ಸುಮಾರು 112ಕ್ಕೇ ಮುಗಿಯುತ್ತದೆ. ಸ್ವರವನ್ನು ಸರಿಪಡಿಸದ ಡಿಸ್ಕಾದರೆ ಶ್ರುತಿಯೂ ಮುಕ್ಕಾಲು ಸೆಮಿಟೋನಿನ ಹತ್ತಿರ ಏರಿರುತ್ತದೆ. ವ್ಯಾಂಜೆಲಿಸ್ ಸಂಗೀತ ‘ಈ ಸಲ ಯಾಕೋ ಚುರುಕಾಗಿದೆ’ ಅಂತ ಬರೆದುಕೊಂಡಿದ್ದರೆ ಮೊದಲು ಡಿಸ್ಕಿನ ಹಿಂಬದಿ ತಿರುಗಿಸಿ ನೋಡಿ.

ಕೈಗೆ ಹತ್ತದ ದಾರಿಗಳೂ ಇವೆ. ನಕ್ಷತ್ರ ಕೊಡುವ ಕ್ರಮ ಪೂರ್ತಿ ದಂಡ. ಅಭಿಮಾನಿ ಪ್ರತಿ ಸಲ ಐದೇ ಕೊಡುತ್ತಾನೆ. ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡರೆ ಮಳೆ, ಹೊಗೆ, ಮೌನಗಳ ನಿಧಾನ ನಡೆ ಮುರಿದುಹೋಗುತ್ತದೆ, ಆ ನಡೆಯೇ ಈ ಸಿನಿಮಾದ ಅರ್ಧ ಬಲ. ಫೋನಿಗೆ ಪಿಸುಗುಟ್ಟಿ ಧ್ವನಿಮುದ್ರಿಸಿದರೆ ಆಮೇಲೆ ಕೇಳುವಾಗ ಹಿಂದಿನ ಸಂಗೀತವೇ ಅನಿಸಿಕೆಯನ್ನು ಮತ್ತೆ ಬಣ್ಣ ಹಚ್ಚಿ ಕೊಡುತ್ತದೆ. ಜೊತೆಗೆ ಯಾರನ್ನಾದರೂ ಕೂರಿಸಿಕೊಂಡರೆ ದಾಖಲಾಗುವುದು ಅವರ ಆಕಳಿಕೆ. ಕತ್ತಲಲ್ಲಿ ಕಣ್ಣು ತೆಗೆಯದೆ ಗುರುತು ಹಾಕಿಕೊಳ್ಳುವ ಒಂದು ಉಪಾಯ ಕೊನೆಗೆ ಸಿಕ್ಕಿತು. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನು ದುಡ್ಡು. ಅತಿ ಹೆಚ್ಚು ಸುರಿದದ್ದು ಪ್ರೊಜೆಕ್ಟರ್‌ಗೆ, ಅತಿ ಕಡಿಮೆ ಉಪಯೋಗವಾದದ್ದೂ ಅದೇ. ಬಿಳಿ ಗೋಡೆಯಿರುವ ಕೋಣೆಯಲ್ಲಿ ಪರದೆಯ ಬೆಳಕು ಗೋಡೆಗೆ ಬಡಿದು ವಾಪಸ್ ಪರದೆಗೇ ಬೀಳುತ್ತದೆ, ಕಪ್ಪೆಲ್ಲ ಬೂದಿಯಾಗುತ್ತದೆ. ಮುಕ್ಕಾಲು ಪಾಲು ರಾತ್ರಿಯೇ ಇರುವ ಸಿನಿಮಾಕ್ಕೆ ಅದು ಸಾವಿನ ಸಮಾನ. ಪ್ರೊಜೆಕ್ಟರ್‌ಗೆ ಹಾಕಿದ್ದರ ಹತ್ತನೇ ಒಂದು ಪಾಲಿಗೆ ಬಂದ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇಡೀ ಪ್ರಯೋಗವನ್ನು ಹೊತ್ತು ನಡೆಸಿತು. ಡಿಸ್ಕುಗಳನ್ನು ಬಿಡಿಬಿಡಿಯಾಗಿ ಕೊಳ್ಳಬೇಡಿ, ಐದೂ ಆವೃತ್ತಿ ಇರುವ ಪೆಟ್ಟಿಗೆಯನ್ನೇ ಹುಡುಕಿ. ಬಿಡಿಯಾಗಿ ಕೂಡಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಬೀಳುತ್ತದೆ, ಅಷ್ಟಾದರೂ ವರ್ಕ್‌ಪ್ರಿಂಟ್ ಸಿಗುವ ಭರವಸೆ ಇಲ್ಲ. 2017ರ ಫೋರ್‌ಕೆ ಡಿಸ್ಕ್ ಚೆನ್ನಾಗಿದೆ. ಆದರೆ ನಡುದಾರಿಯಲ್ಲಿ ಅದಕ್ಕೆ ಹಾರಿದರೆ ಹಿಂದಿನ ಬ್ಲೂ-ರೇ ಟಿಪ್ಪಣಿಗಳೊಡನೆ ಹೋಲಿಸುವ ಹಾಗಿಲ್ಲ. ಉಪಕರಣ ಬದಲಾಯಿತು ಅಂತ ಗೆರೆ ಎಳೆದು ಹೊಸ ಲೆಕ್ಕ ಶುರು ಮಾಡಬೇಕು.

ಟಿ.ವಿ.ಯಲ್ಲಿ ಮೋಷನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸೆಟ್ಟಿಂಗ್) ಆಫ್, ಪಿಕ್ಚರ್ ಮೋಡ್ ‘ಸಿನಿಮಾ’, ಸಬ್‌ಟೈಟಲ್ ಇಲ್ಲ. ಸಬ್‌ಟೈಟಲ್ ಇದ್ದರೆ ಕಣ್ಣು ಕೆಳಗಿನ ಅಂಚಿಗೇ ಅಂಟಿಕೊಂಡಿರುತ್ತದೆ, ವಿನ್ಯಾಸಕಾರ ಸಿಡ್ ಮೀಡ್ ಕಲ್ಪಿಸಿದ ಊರು ಮೇಲೆ ಸುಮ್ಮನೆ ಹಾದುಹೋಗುತ್ತದೆ. ಬ್ರೈಟ್‌ನೆಸ್ ಎಷ್ಟಿರಬೇಕು ಎಂಬುದಕ್ಕೆ ನನ್ನ ಗುರುತು ಡೆಕರ್ಡ್‌ನ ಮನೆ. ಗೋಡೆಯ ಬಿಲ್ಲೆಗಳ ಉಬ್ಬುಚಿತ್ತಾರ ನೆರಳಲ್ಲಿ ಕಂಡೂ ಕಾಣದ ಹಾಗಿರಬೇಕು. ಸ್ಪಷ್ಟವಾಗಿ ಕಂಡರೆ ಹೆಚ್ಚಾಯಿತು, ಪೂರ್ತಿ ಮುಳುಗಿದರೆ ಕಡಿಮೆಯಾಯಿತು. (ಆ ಬಿಲ್ಲೆಗಳ ಮೂಲ 1924ರ ಎನಿಸ್ ಹೌಸ್, ಫ್ರಾಂಕ್ ಲಾಯ್ಡ್ ರೈಟ್ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಮನೆ.)

ಪೂರ್ಣ ವೀಕ್ಷಣೆಗಳ ನಡುವಿನ ವರ್ಷದಲ್ಲಿ ಸುಮ್ಮನೆ ಕೂರಬೇಕಿಲ್ಲ, ತುಣುಕುಗಳನ್ನು ನೋಡಬಹುದು. ನಿಯಮ ಇಷ್ಟೇ: ಒಂದು ಕೂರಿಕೆಗೆ ಒಂದೇ ಕೆಲಸ. ಒಮ್ಮೆ ಸದ್ದು ಪೂರ್ತಿ ತೆಗೆದು, ಒಮ್ಮೆ ಪರದೆ ಆರಿಸಿ ಕಿವಿಯಲ್ಲಿ ಮಾತ್ರ, ಒಮ್ಮೆ ಪೊಲೀಸ್ ಗ್ಯಾಫ್ ಒಬ್ಬನನ್ನೇ ಹಿಂಬಾಲಿಸಿ. ಯಾವ ತುಣುಕಾದ ಮೇಲೆ ಯಾವುದು ಎಂಬ ಕ್ರಮದಲ್ಲೇ ಗುಟ್ಟಿದೆ, ಅದನ್ನೂ ಬಿಟ್ಟುಕೊಡುವುದಿಲ್ಲ.

ಫಲ ಕೊಟ್ಟದ್ದು ಸದ್ದಿಲ್ಲದ ತುಣುಕು, ಅದೂ ಡೆಕರ್ಡ್ ಮನೆಯಲ್ಲಿ ರೆಪ್ಲಿಕಂಟ್ ಹೆಣ್ಣು ರೇಚಲ್ ಪಿಯಾನೋ ನುಡಿಸಿ ಕೂದಲು ಬಿಚ್ಚುವ ದೃಶ್ಯದಲ್ಲಿ. ಹಳೆಯ ಪುಟಗಳಲ್ಲೆಲ್ಲ ಅದಕ್ಕೆ ‘ಪ್ರಣಯ’ ಎಂದೇ ಹೆಸರು. ಸದ್ದು ತೆಗೆದು ನೋಡಿ. ಅವಳು ಹೊರಡುತ್ತಾಳೆ, ಅವನು ಓಡಿಬಂದು ಬಾಗಿಲನ್ನು ಮುಷ್ಟಿಯಿಂದ ಗುದ್ದಿ ಮುಚ್ಚುತ್ತಾನೆ, ಹಿಡಿದು ಕಿಟಕಿಯ ಪಟ್ಟಿಗಳಿಗೆ ತಳ್ಳುತ್ತಾನೆ, ಏನು ಹೇಳಬೇಕು ಅಂತ ಅವಳ ಬಾಯಿಗೆ ಮಾತು ಹಾಕುತ್ತಾನೆ. ರೇಚಲ್‌ಳ ಮುಖದಲ್ಲಿರುವುದು ಭಯ. ಪ್ರಣಯ ಇದ್ದದ್ದೆಲ್ಲ ಸ್ಯಾಕ್ಸೋಫೋನಿನಲ್ಲಿ. ನಾಲ್ಕೂ ಬಿಡುಗಡೆ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ, ಈ ದೃಶ್ಯದ ಅರ್ಥ ಬದಲಾಗುವಂಥ ಕತ್ತರಿ ಎಲ್ಲೂ ಬಿದ್ದಿಲ್ಲ. ಟಿ.ವಿ. ಅದೇ, ಡಿಸ್ಕ್ ಅದೇ. ಹಾಗಾಗಿ ಇಲ್ಲಿನ ಬದಲಾವಣೆಯನ್ನು ಯಾವ ಅನುಮಾನವೂ ಇಲ್ಲದೆ ನನ್ನ ಖಾತೆಗೆ ಹಾಕಬಹುದು. ಇಡೀ ಕಸರತ್ತಿನಲ್ಲಿ ಇಷ್ಟು ಶುದ್ಧವಾಗಿ ಕೈಗೆ ಸಿಕ್ಕ ಫಲಿತಾಂಶ ಇದೊಂದೇ. ಈಗ ಸದ್ದಿಟ್ಟು ನೋಡಿದರೂ ಆ ಸ್ಯಾಕ್ಸೋಫೋನ್ ಕಿವಿಗೆ ಒಗ್ಗುತ್ತಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಒಂಟಿಕೊಂಬಿನದು. ‘ಡೆಕರ್ಡ್ ಕೂಡ ರೆಪ್ಲಿಕಂಟ್’ ಎಂಬ ಗುಮಾನಿ ಟಿಪ್ಪಣಿಯಲ್ಲಿ ಒಂದು ಹಂತದಿಂದ ಜೋರಾಗುತ್ತದೆ. ಪ್ರೌಢಿಮೆ ಬಂತು ಅಂತ ಯಾರಿಗಾದರೂ ಅನ್ನಿಸಬೇಕು. ಲೆಕ್ಕ ಹಾಕಿದರೆ ಅದು ‘ಡೈರೆಕ್ಟರ್ಸ್ ಕಟ್’ ಕೈಗೆ ಬಂದ ಹಂತ. ಕೊನೆಯಲ್ಲಿ ಗ್ಯಾಫ್ ಬಿಟ್ಟುಹೋಗುವ ಕಾಗದದ ಕುದುರೆ 1982ರಲ್ಲೂ ಇದೆ. ಆದರೆ ಅಲ್ಲಿ ಕನಸಿಲ್ಲ, ಆದ್ದರಿಂದ ಆ ಕುದುರೆಗೆ ‘ಗ್ಯಾಫ್ ಬಂದಿದ್ದ, ಸುಮ್ಮನೆ ಬಿಟ್ಟು ಹೋದ’ ಎಂಬಷ್ಟೇ ಅರ್ಥ. ಹತ್ತು ಹನ್ನೆರಡು ಸೆಕೆಂಡಿನ ಒಂದು ಶಾಟ್ ನಡುವೆ ಸೇರಿದ ಕೂಡಲೇ ಅದೇ ಕಾಗದ ‘ನಿನ್ನ ಕನಸು ನನಗೆ ಗೊತ್ತು’ ಅನ್ನತೊಡಗುತ್ತದೆ. ನೋಡುವವನ ಬುದ್ಧಿಗೆ ಇದರಲ್ಲಿ ಬಿಡಿಗಾಸಿನ ಪಾಲೂ ಇಲ್ಲ.

ತಪ್ಪಿಸಿಕೊಂಡ ರೆಪ್ಲಿಕಂಟರ ಮುಂದಾಳು ಬ್ಯಾಟಿಯ ಸಾವಿನದು ಮಿಶ್ರ ಫಲಿತಾಂಶ. ನಿರೂಪಣೆಯಿರುವ ಆವೃತ್ತಿಯಲ್ಲಿ ಅವನು ಪ್ರಾಣ ಬಿಟ್ಟ ಬೆನ್ನಿಗೇ ಡೆಕರ್ಡ್‌ನ ದನಿ ಬಂದು, ಅವನು ತನ್ನನ್ನು ಯಾಕೆ ಉಳಿಸಿದ ಅಂತ ವಿವರಿಸಲು ಕೂರುತ್ತದೆ. ಪಾರಿವಾಳ ಹಗಲಿನ ಆಕಾಶಕ್ಕೆ ಹಾರುತ್ತದೆ, ಆ ತನಕ ಸುರಿದ ಮಳೆ ಎಲ್ಲಿ ಹೋಯಿತೋ. ‘ಫೈನಲ್ ಕಟ್’ನಲ್ಲಿ ದನಿಯಿಲ್ಲ, ಆಕಾಶವನ್ನೂ ಕತ್ತಲಾಗಿಸಿದ್ದಾರೆ. ಕಣ್ಣು ತೇವವಾಯಿತು ಎಂಬ ನಮೂದು ‘ಫೈನಲ್ ಕಟ್’ನ ಪುಟಗಳಲ್ಲೇ ಹೆಚ್ಚು, ಅದು ಸಂಕಲನಕಾರನ ಪಾಲು. ಆದರೆ ಆ ಪುಟಗಳನ್ನು ಮಾತ್ರ ಒಂದರ ಪಕ್ಕ ಒಂದಿಟ್ಟರೂ ಕನಿಕರ ವರ್ಷದಿಂದ ವರ್ಷಕ್ಕೆ ಡೆಕರ್ಡ್‌ನನ್ನು ಬಿಟ್ಟು ಬ್ಯಾಟಿಯ ಕಡೆಗೆ ಜರುಗುತ್ತಾ ಬಂದಿದೆ. ಒಂದು ಸಣ್ಣ ಎಣಿಕೆ ಇದಕ್ಕೆ ಕುಮ್ಮಕ್ಕು ಕೊಟ್ಟಿತು ಅನ್ನಿಸುತ್ತದೆ: ಹೀರೋ ಅನ್ನಿಸಿಕೊಂಡವನು ಇಡೀ ಸಿನಿಮಾದಲ್ಲಿ ಕೊಲ್ಲುವುದು ಇಬ್ಬರು ರೆಪ್ಲಿಕಂಟರನ್ನು, ಜೋರಾ ಮತ್ತು ಪ್ರಿಸ್. ಇಬ್ಬರೂ ಹೆಂಗಸರು, ಜೋರಾಗೆ ಗುಂಡು ಬೀಳುವುದು ಬೆನ್ನಿಗೆ. ಲಿಯಾನ್‌ನನ್ನು (ಅವನೂ ರೆಪ್ಲಿಕಂಟ್) ಹೊಡೆಯುವುದು ರೇಚಲ್. ಬ್ಯಾಟಿ ತಾನಾಗಿ ಸಾಯುತ್ತಾನೆ, ಅದೂ ಡೆಕರ್ಡ್‌ನ ಕೈ ಹಿಡಿದು ಮೇಲೆತ್ತಿದ ಮೇಲೆ.

ಜೋರಾಳ ಸಾವಿನಲ್ಲಿ ಇನ್ನೊಂದು ತೊಡಕು. ಹಳೆಯ ಆವೃತ್ತಿಗಳಲ್ಲಿ ಗಾಜು ಒಡೆದು ನುಗ್ಗುವಾಕೆ ಸ್ಟಂಟ್ ಕಲಾವಿದೆ, ವಿಗ್ ಕೂಡ ಹೊಂದುವುದಿಲ್ಲ. ‘ಫೈನಲ್ ಕಟ್’ಗೆ ಜೊವಾನಾ ಕ್ಯಾಸಿಡಿಯ ಮುಖವನ್ನೇ ಹೊಸದಾಗಿ ಚಿತ್ರೀಕರಿಸಿ ಕೂರಿಸಿದರು. ವಿಗ್ ಕಣ್ಣಿಗೆ ಚುಚ್ಚುತ್ತಿದ್ದಾಗ ಆ ಸಾವು ಬರೀ ಸಾಹಸ ದೃಶ್ಯವಾಗಿತ್ತು, ಮುಖ ಬಂದ ಮೇಲೆ ಕೊಲೆಯಾಯಿತು. ಡೆಕರ್ಡ್‌ನ ಮೇಲಧಿಕಾರಿ ಬ್ರಯಂಟ್‌ನ ಲೆಕ್ಕವೂ ಅಷ್ಟೇ. ಮೊದಲು ತಪ್ಪಿಸಿಕೊಂಡವರು ಆರು, ಸತ್ತವನು ಒಬ್ಬ ಅನ್ನುತ್ತಿದ್ದ. ಉಳಿಯಬೇಕಾದವರು ಐದು, ಪರದೆಯ ಮೇಲೆ ನಾಲ್ಕೇ. ಆ ಐದನೆಯದು ಡೆಕರ್ಡ್ ಇರಬಹುದೇ ಅಂತ ಪುಟಗಟ್ಟಲೆ ಊಹೆ ಬೆಳೆಸಬಹುದಿತ್ತು. ‘ಫೈನಲ್ ಕಟ್’ನಲ್ಲಿ ಸತ್ತವರು ಇಬ್ಬರು ಅಂತ ತಿದ್ದಿದರು, ಊಹೆಯ ಕಥೆ ಮುಗಿಯಿತು.

ಪಕ್ಕದ ಪ್ರಯೋಗಗಳಲ್ಲಿ ನಾಡಿಬಡಿತ ಅಳೆಯುವ ಕೈಗಡಿಯಾರದ್ದು ಹೇಳಬೇಕು. ಬ್ಯಾಟಿ ಗೋಡೆ ಒಡೆದು ತಲೆ ತೂರಿಸುವಾಗ ಅದು ಪ್ರತಿ ಸಲ ಜಿಗಿಯಿತು, ಇಂಥದ್ದು ಬರುತ್ತದೆ ಅಂತ ಗೊತ್ತಿದ್ದೂ. ರೇಚಲ್‌ಳ ದೃಶ್ಯದಲ್ಲಿ ಅಲ್ಲಾಡಲೇ ಇಲ್ಲ. ಗಡಿಯಾರಕ್ಕೆ ಬೆಚ್ಚುವುದು ಗೊತ್ತು, ಮನಸ್ಸು ಬದಲಾಗುವುದು ಗೊತ್ತಿಲ್ಲ. ಕೃತಕ ಜೀವಿಗಳ ಕಣ್ಣಲ್ಲಿ ಮಿಂಚುವ ಹೊಳಪು ಹುಡುಕುವುದು ಅದಕ್ಕಿಂತ ಲಾಭದ ಕೆಲಸ. ಗೂಬೆಯದೂ ರೇಚಲ್‌ಳದೂ ಎಲ್ಲರಿಗೂ ಗೊತ್ತು. ತಾನು ಉತ್ತರಕ್ಕೆ ಓಡಿಹೋದರೆ ಬೆನ್ನಟ್ಟುತ್ತೀಯಾ ಅಂತ ಅವಳು ಕೇಳುವಾಗ ಹಿಂದೆ ಮಸುಕಾಗಿ ನಿಂತ ಡೆಕರ್ಡ್‌ನ ಕಣ್ಣನ್ನು ನೋಡಿ, ಪರದೆಯ ಕಪ್ಪಿನ ಮಟ್ಟ (ಬ್ಲ್ಯಾಕ್ ಲೆವೆಲ್) ಸರಿಯಿದ್ದರೆ ಅದೂ ಮಿಂಚುತ್ತದೆ. ರೇಚಲ್ ಬಿಟ್ಟುಹೋದ ತಾಯಿಯ ಫೋಟೋದಲ್ಲಿ ಒಂದು ಕ್ಷಣ ನೆರಳು ಅಲುಗುತ್ತದೆ, ಹೆಡ್‌ಫೋನ್ ಇದ್ದರೆ ಮಕ್ಕಳ ದನಿಯೂ ತೇಲಿಬರುತ್ತದೆ. ತಂತ್ರಜ್ಞ ಸೆಬಾಸ್ಟಿಯನ್ ಮತ್ತು ರೆಪ್ಲಿಕಂಟರ ತಯಾರಕ ಟೈರೆಲ್‌ರ ಚೆಸ್ ಮಣೆಗಳನ್ನು ತಾಳೆ ನೋಡಿದರೆ ಕಾಯಿಗಳು ಹೊಂದುವುದಿಲ್ಲ. ನಡೆಗಳು ಮಾತ್ರ 1851ರಲ್ಲಿ ಚೆಸ್ ಆಟಗಾರ ಆಂಡರ್ಸನ್ ಲಂಡನ್ನಿನಲ್ಲಿ ಆಡಿದ ಪ್ರಸಿದ್ಧ ಆಟದ ಕೊನೆಯಿಂದ ಬಂದವು. ಮಣೆ ತಪ್ಪಿದ್ದಕ್ಕೆ ಗೂಢಾರ್ಥ ಹುಡುಕುವವರಿದ್ದಾರೆ. ಸೆಟ್ಟಿನಲ್ಲಿ ಯಾರೂ ಗಮನಿಸಿರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಇಷ್ಟೆಲ್ಲ ಬಿಗಿ ಮಾಡಿದರೂ ಕೈ ಮೀರಿದ್ದು ಒಂದಿದೆ, ಕ್ಯಾಲೆಂಡರ್. ಕಥೆ ನಡೆಯುವುದು 2019ರ ನವೆಂಬರಿನಲ್ಲಿ. ಅದು ದಾಟಿದ ಮೇಲಿನ ಪುಟಗಳಲ್ಲಿ ‘ಹೀಗಾಗಬಹುದು’ ಎಂಬ ಹೆದರಿಕೆ ಒಂದೇ ಸಲಕ್ಕೆ ಮಾಯ. ಅದರ ಜಾಗಕ್ಕೆ ಹಳೆಯ ವಸ್ತುಗಳ ಮೇಲಿನ ಮಮತೆ ಬಂದು ಕೂತಿದೆ: ಉಬ್ಬುಗಾಜಿನ ಪರದೆ, ಸಿಗರೇಟಿನ ಹೊಗೆ, ಬಾರಿನ ಗೋಡೆಯ ಫೋನಿನಲ್ಲಿ ವಿಡಿಯೋ ಕರೆ ಮಾಡಿ 1 ಡಾಲರ್ 25 ಸೆಂಟ್ ತೆರುವ ಡೆಕರ್ಡ್. ಇದನ್ನು ಆವೃತ್ತಿಗೂ ಹಾಕುವಂತಿಲ್ಲ, ಉಪಕರಣಕ್ಕೂ ಹಾಕುವಂತಿಲ್ಲ, ಪೂರ್ತಿ ನನ್ನದೂ ಅಲ್ಲ. ಸದ್ಯಕ್ಕೆ ‘ಕಾಲ’ ಅಂತ ನಾಲ್ಕನೆಯ ಕಾಲಂ ಎಳೆದುಕೊಂಡಿದ್ದೇನೆ. ಈ ಪದ್ಧತಿ ಹಿಡಿಯುವವರು ಮೊದಲ ದಿನವೇ ಎಳೆದುಕೊಳ್ಳಲಿ, ಆಮೇಲೆ ಹಳೆಯ ಪುಟಗಳಿಗೆ ಅಂಟಿಸಲು ಹೋದರೆ ಯಾವುದು ಎಲ್ಲಿಂದ ಬಂತು ಎಂಬುದು ಬಿಡಿಸಲಾಗದಷ್ಟು ಕಲಸಿಹೋಗಿರುತ್ತದೆ. 2017ರ ಮುಂದುವರಿದ ಭಾಗವನ್ನು ಪೂರ್ಣ ವೀಕ್ಷಣೆಗೆ ಮುಂಚಿನ ಆರು ತಿಂಗಳಲ್ಲಿ ಮುಟ್ಟಬೇಡಿ. ಅದರಲ್ಲಿ ಬರುವ ಮುದಿ ಡೆಕರ್ಡ್‌ನ ಮುಖ ಇದರ ಮೇಲೆ ಬಂದು ಕೂತರೆ ರೇಚಲ್‌ಳ ದೃಶ್ಯದ ನಮೂದೇ ಕೆಡುತ್ತದೆ.