ಮಳೆಗಾಲದಲ್ಲಿ ಕೋವಿ ಕಾಯುವ ಕೆಲಸ

2024ರ ಜೂನ್‌ನಲ್ಲಿ ಠಾಣೆಯಿಂದ ಕೋವಿ ವಾಪಸು ತಂದ ದಿನ ನನಗೆ ಊಟ ಸೇರಲಿಲ್ಲ. ಲೋಕಸಭಾ ಚುನಾವಣೆ ಮುಗಿಯುವವರೆಗೆಂದು ಮಾರ್ಚ್‌ನಲ್ಲೇ ಕೋವಿಯನ್ನು ಅಲ್ಲಿ ಠೇವಣಿ ಇಟ್ಟಿದ್ದೆ. ಕೇರಳದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಎಣಿಕೆ ಆಗಿದ್ದು ಜೂನ್ 4ಕ್ಕೆ. ಅಷ್ಟರಲ್ಲಿ ಮಳೆ ಹಿಡಿದಾಗಿತ್ತು. ಮನೆಗೆ ತಂದು ಬೋಲ್ಟ್, ಅಂದರೆ ತೋಟೆ ತುಂಬಲು ಹಿಂದೆ ಮುಂದೆ ಎಳೆಯುವ ಉಕ್ಕಿನ ತುಂಡು, ಎಳೆದರೆ ಮರಳು ಬಿದ್ದ ಹಾಗೆ ಕರಕರ ಸದ್ದು. ನಳಿಗೆ ಮರಕ್ಕೆ ತಾಗುವ ಗೆರೆಯುದ್ದಕ್ಕೂ ಕೆಂಪು ತುಕ್ಕು. ಬೆರಳಲ್ಲಿ ಸವರಿದೆ, ಬೆರಳು ಕೆಂಪಾಯಿತು. ಠಾಣೆಯವರದ್ದೇನೂ ತಪ್ಪಲ್ಲ. ರೆಕ್ಸಿನ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು ಕೊಟ್ಟವನು ನಾನೇ.

ಕೋವಿ ಅಪ್ಪನದ್ದು. ಈಶಾಪುರದ ಕಾರ್ಖಾನೆಯ .315 ಬೋಲ್ಟ್ ರೈಫಲ್, ಬ್ರಿಟಿಷ್ ಸೈನ್ಯದ ಹಳೆ ಲೀ ಎನ್‌ಫೀಲ್ಡ್ ರೈಫಲ್ಲಿನ ವಂಶದ್ದು, ಐದು ತೋಟೆ ಹಿಡಿಯುತ್ತದೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮಗೆ ಅಡಿಕೆ ತೋಟ, ಬದಿಯಲ್ಲಿ ಸ್ವಲ್ಪ ಮರಗೆಣಸು, ಬಾಳೆ. ಕಾಡುಹಂದಿ ಒಂದು ರಾತ್ರಿ ನುಗ್ಗಿದರೆ ಮರಗೆಣಸಿನ ಸಾಲು ಉತ್ತು ಹಾಕಿದ ಹಾಗಾಗುತ್ತದೆ. 2022ರಲ್ಲಿ ಕೇರಳ ಸರಕಾರ ಪಂಚಾಯಿತಿ ಅಧ್ಯಕ್ಷರಿಗೆ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರ ಕೊಟ್ಟ ಮೇಲೆ ಲೈಸೆನ್ಸ್ ಇರುವವರ ಪಟ್ಟಿ ಮಾಡಿದರು. ಅದರಲ್ಲಿ ನನ್ನ ಹೆಸರೂ ಇದೆ. ಕರೆ ಬಂದರೆ ಹೋಗಬೇಕು. ಹೊಡೆದ ಹಂದಿಯನ್ನು ಹೂಳಲೇಬೇಕು, ಮಾಂಸ ಮಾಡುವ ಹಾಗಿಲ್ಲ. ಕರೆ ಬರುವುದು ಜಾಸ್ತಿ ಮಳೆಗಾಲದಲ್ಲೇ, ಅದೂ ರಾತ್ರಿ. ಹಾಗಾಗಿ ಕೋವಿ ಒದ್ದೆಯಾಗದೆ ಇರುವ ಪ್ರಶ್ನೆಯೇ ಇಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ ಅಲ್ವಾ?

"ಸ್ಟೇನ್‌ಲೆಸ್ ಕೋವಿ ಇದ್ದಿದ್ದರೆ ಈ ತಲೆಬಿಸಿಯೇ ಇಲ್ಲ" ಅಂತ ನಾನೂ ತುಂಬಾ ಕಾಲ ನಂಬಿದ್ದೆ. ತಂಗಿಯ ಮಗ ನ್ಯೂಜಿಲೆಂಡಿನ ಪಶ್ಚಿಮ ತೀರದಲ್ಲಿದ್ದಾನೆ. ಅಲ್ಲೂ ನಮ್ಮಂಥದ್ದೇ ಮಳೆ. ಅವನ ಹತ್ತಿರ ಸ್ಟೇನ್‌ಲೆಸ್ ಬೋಲ್ಟ್ ರೈಫಲ್ ಇದೆ, ಹಿಡಿ ಪ್ಲಾಸ್ಟಿಕ್‌ನದ್ದು. ನಾನು ಹೋಗಿದ್ದಾಗ ಅವನು ಮಳೆಯಲ್ಲಿ ನೆನೆದು ಬಂದು, ಅದನ್ನು ಒರೆಸಿ ಮೂಲೆಗೆ ಒರಗಿಸಿದ್ದು ನೋಡಿ ಹೊಟ್ಟೆಕಿಚ್ಚೇ ಆಯಿತು. ಮರುದಿನ ಅವನೇ ಕರೆದ. "ಮಾವ, ಇಲ್ಲಿ ನೋಡಿ" ಅಂತ ದುರ್ಬೀನಿನ ಕ್ಲ್ಯಾಂಪ್ ಬಿಚ್ಚಿ ತೋರಿಸಿದ. ಅಡಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಚುಕ್ಕೆಗಳು. ಸ್ಕ್ರೂ ತಲೆಯಲ್ಲೂ ತುಕ್ಕು.

ಕಾರಣ ಆಮೇಲೆ ಗೊತ್ತಾಯಿತು. ನಮ್ಮ ಅಡಿಗೆಮನೆಯ ಒಳ್ಳೆ ಸ್ಟೀಲ್ ಪಾತ್ರೆಯಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಕೋವಿ ನಳಿಗೆಗೆ ಸಾಮಾನ್ಯವಾಗಿ ಹಾಕುವುದು ಬೇರೆ ಜಾತಿಯ ಸ್ಟೀಲ್. ಅದರಲ್ಲಿ ಕ್ರೋಮಿಯಂ 12–13 ಪಾಲಿನ ಆಸುಪಾಸು, ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. ಅಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಅಂಟುತ್ತದೆ. ಬೆವರಿನ ಉಪ್ಪು ಅದರ ಮೇಲೆ ಕೂತರೆ ಚುಕ್ಕೆ ಬಿದ್ದೇ ಬೀಳುತ್ತದೆ. ಒಳಗಿನ ಸ್ಪ್ರಿಂಗು, ಪಿನ್ನುಗಳಂತೂ ಎಷ್ಟೋ ಕೋವಿಗಳಲ್ಲಿ ಸಾದಾ ಉಕ್ಕಿನವೇ. ಒಂದು ದಿನ ಮರೆತರೆ ಸ್ಟೇನ್‌ಲೆಸ್ ಕ್ಷಮಿಸುತ್ತದೆ, ಅದು ನಿಜ. ನನ್ನದು ಒಂದು ರಾತ್ರಿಯೂ ಕ್ಷಮಿಸುವುದಿಲ್ಲ. ಹೇಗೂ ನಮ್ಮಂಥ ರೈತರಿಗೆ ಹೊರದೇಶದ ಹೊಸ ಕೋವಿ ತರಿಸುವ ದಾರಿಯಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ತೆಂಗಿನೆಣ್ಣೆ ಮಾತ್ರ ಹಾಕಬೇಡಿ. ಮನೆಯಲ್ಲೇ ಇದೆ ಅಂತ ನಾನು ಮೂರು ವರ್ಷ ಹಾಕಿದೆ. ಒಂದು ಡಿಸೆಂಬರ್ ಬೆಳಗಿನ ಜಾವ ಹಂದಿ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿದೆ, ಕುದುರೆ ಎಳೆದರೆ ಬರೀ ಟಿಕ್ ಅಂತ ಸದ್ದು. ನಳಿಗೆಯನ್ನು ನೆಲದ ಕಡೆಗೇ ಹಿಡಿದು ಒಂದು ನಿಮಿಷ ಕಾದೆ, ತಡವಾಗಿ ಸಿಡಿಯುವ ತೋಟೆಯೂ ಇರುತ್ತದೆ. ಆಮೇಲೆ ಬೋಲ್ಟ್ ತೆರೆದೆ. ತೋಟೆಯ ಹಿಂಬದಿಯ ಕೇಪಿನ (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಬಿಲ್ಲೆ) ಮೇಲೆ ಉಗುರು ಒತ್ತಿದಷ್ಟೇ ಗುರುತು. ಬಿಚ್ಚಿ ನೋಡಿದರೆ ಬೋಲ್ಟಿನೊಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ಕೇಪಿಗೆ ಬಡಿಯುವ ಸೂಜಿಯನ್ನು ಹಿಡಿದಿದೆ. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಹೋದರೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು, ಬೋಲ್ಟಿನೊಳಗೆ ಬಿಡುತ್ತದಾ! ಈಗ ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ, ಅದೂ ಬೋಲ್ಟಿನೊಳಗೆ ಒಂದೇ ಹನಿ.

ಮಳೆಯಲ್ಲಿ ಹೋಗಿ ಬಂದರೆ ಎಷ್ಟೇ ಹೊತ್ತಾಗಿರಲಿ, ನಾನು ಕಾಲು ತೊಳೆಯುವ ಮೊದಲು ಕೋವಿಯ ಕೆಲಸ. ತೋಟೆ ತೆಗೆದು, ಬೆರಳು ಹಾಕಿ ಖಾಲಿ ಅಂತ ಖಚಿತ ಮಾಡಿ, ಬೋಲ್ಟ್ ಹಿಂದಕ್ಕೆ ಎಳೆದು ತೆಗೆಯುತ್ತೇನೆ. ಈಡು ಹೊಡೆದಿದ್ದರೆ ಮೊದಲು ಬಿಸಿನೀರು. ಹಳೆ ತೋಟೆಗಳ ಕೇಪಿನಿಂದ ಒಂಥರಾ ಉಪ್ಪು ನಳಿಗೆಯಲ್ಲಿ ಉಳಿಯುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಅಪ್ಪ ಕಾಫಿ ಕೆಟಲಿನಿಂದ ಸುರಿಯುತ್ತಿದ್ದರು, ನಾನೂ ಹಾಗೆಯೇ. ಕುದಿಯುವ ನೀರಾದರೆ ನಳಿಗೆ ಬಿಸಿಯಾಗಿ ತಾನೇ ಒಣಗುತ್ತದೆ. ಆಮೇಲೆ ಹಳೆ ಬನಿಯನ್ ಬಟ್ಟೆಯನ್ನು ಸರಳಿಗೆ ಸುತ್ತಿ ಹಿಂದಿನಿಂದ ಮುಂದಕ್ಕೆ ತಳ್ಳುತ್ತೇನೆ. ಬಾಯಿ ಕಡೆಯಿಂದ ತಳ್ಳಿದರೆ ಅಲ್ಲಿನ ಅಂಚು ಸವೆದು ಗುರಿ ಕೆಡುತ್ತದೆ. ಕೊನೆಗೆ ತೆಳುವಾಗಿ ಎಣ್ಣೆ. ಮತ್ತೆ ಹೊರಡುವಾಗ ನಳಿಗೆಯೊಳಗಿನ ಎಣ್ಣೆ ಒರೆಸಿ ತೆಗೆಯಲೇಬೇಕು.

ಅಪ್ಪನ ಕಾಲದಲ್ಲಿ ಒಲೆಯ ಮೇಲಿನ ಅಟ್ಟದ ಹತ್ತಿರ ತೂಗುಹಾಕುತ್ತಿದ್ದರು, ಬೆಚ್ಚಗೆ ಇರುತ್ತಿತ್ತು. ಈಗ ಬೀಗದ ಕಪಾಟು. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ ಇಟ್ಟು, ಹದಿನೈದು ದಿನಕ್ಕೊಮ್ಮೆ ಅದನ್ನು ಒಲೆಯ ಬದಿಯಲ್ಲಿ ಬಿಸಿ ಮಾಡುತ್ತೇನೆ. ಚೀಲದೊಳಗೆ ಕೋವಿ ಇಡುವುದನ್ನು ಪೂರ್ತಿ ಬಿಟ್ಟೆ.

ಅಂದಿನ ತುಕ್ಕು ತೆಗೆಯಲು ಎರಡು ದಿನ ಹಿಡಿಯಿತು. ಅತಿ ನಯದ ಸ್ಟೀಲ್ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ, ಕೈ ಹಗುರ ಮಾಡಿ ಉಜ್ಜಿದೆ. ಜೋರು ಮಾಡಿದರೆ ಕಪ್ಪು ಬಣ್ಣವೂ ಎದ್ದು ಬರುತ್ತದೆ. ಎರಡು ಕಡೆ ಗುಳಿ ಹಾಗೇ ಉಳಿದಿದೆ.

2025ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆಗೆ ಮತ್ತೆ ಠೇವಣಿ. ಈ ಸಲ ಮರದ ಹಿಡಿ ಬಿಚ್ಚಿ ಅಡಿಭಾಗಕ್ಕೆಲ್ಲ ಗ್ರೀಸ್ ಹಚ್ಚಿದೆ, ನಳಿಗೆಯ ಒಳಗೂ. ಬೋಲ್ಟಿಗೆ ದಾರ ಕಟ್ಟಿ ಚೀಟಿ ತೂಗಿಸಿದೆ: "ಒಳಗೆ ಗ್ರೀಸ್ ಇದೆ, ಒರೆಸದೆ ಹೊಡೆಯಬೇಡ." ಚೀಲವಿಲ್ಲದೆ, ಹತ್ತಿ ಬಟ್ಟೆ ಸುತ್ತಿ ಕೊಟ್ಟೆ. ವಾಪಸು ಬಂದಾಗ ಜಗಲಿಯಲ್ಲೇ ಕೂತು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಹತ್ತಿದ್ದು ಗ್ರೀಸ್ ಮಾತ್ರ.