ರಾತ್ರಿಯೂಟ ಅಂಗಡಿಗೆ ಬಂದ ಬಗೆ

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ರಾತ್ರಿಯೂಟವೆಂದರೆ ಷಟರ್ ಎಳೆದ ಮೇಲಿನ ಮಾತು. ಸಂಜೆ ಆರಕ್ಕೆ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ. ಹತ್ತೂವರೆಗೆ ತಟ್ಟೆಯ ಮುಂದೆ, ಹನ್ನೊಂದಕ್ಕೆ ಹಾಸಿಗೆ. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು ಎಂದು ವೈದ್ಯರು ತಿಳಿಸಿದರು. ಅನ್ನ ಬಿಡು ಎಂದು ನೆಂಟರೆಲ್ಲ ಹೇಳತೊಡಗಿದರು. ನಾನು ಅನ್ನ ಬಿಡುವ ಮೊದಲು ಹೊತ್ತು ಬದಲಿಸಿ ನೋಡೋಣವೆಂದುಕೊಂಡೆ.

ತಾಯಿಯ ಗ್ಲುಕೋಮೀಟರ್ ಮನೆಯಲ್ಲೇ ಇತ್ತು. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಸೌಟು ಅನ್ನ, ಸಾರು: ಇದನ್ನೇ ಒಂದು ದಿನ ಮಧ್ಯಾಹ್ನ ಒಂದಕ್ಕೆ, ಇನ್ನೊಂದು ದಿನ ರಾತ್ರಿ ಹತ್ತೂವರೆಗೆ ಉಂಡು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿದೆ. ರಕ್ತದ ಸಕ್ಕರೆ ಮಧ್ಯಾಹ್ನ 134, ರಾತ್ರಿ 171. ಮತ್ತೆ ಮತ್ತೆ ನೋಡಿದಾಗ ಅಂಕಿ ಅಷ್ಟಿಷ್ಟು ಏರುಪೇರಾಯಿತು. ರಾತ್ರಿಯದು ಮಾತ್ರ ಯಾವಾಗಲೂ ಮೇಲೇ.

ಕಾರಣ ಹುಡುಕಿದರೆ ಸಿಗುತ್ತದೆ. ನಮ್ಮ ಜೀವಕೋಶಗಳೊಳಗೇ ಹಗಲು–ರಾತ್ರಿಯ ಗಡಿಯಾರವಿದೆ; ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಕತ್ತಲಾದ ಮೇಲೆ ರಕ್ತದಲ್ಲಿ ನಿದ್ದೆಯ ಹೊತ್ತು ಸಾರುವ ಹಾರ್ಮೋನು ಮೆಲಟೋನಿನ್ ಏರುತ್ತದೆ, ಮೇದೋಜೀರಕ ಗ್ರಂಥಿ ಸಕ್ಕರೆ ಇಳಿಸುವ ಇನ್ಸುಲಿನ್ ಬಿಡುವುದನ್ನು ತಗ್ಗಿಸುತ್ತದೆ. ಬಿಟ್ಟಷ್ಟಕ್ಕೂ ಸ್ನಾಯುಗಳು ಬೆಳಗಿನಂತೆ ಓಗೊಡುವುದಿಲ್ಲ. ಹಾಗಾಗಿ ಅದೇ ಅನ್ನದ ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ಸುಳಿದಾಡುತ್ತದೆ.

ಇನ್ನು ಬುತ್ತಿಯ ಏರ್ಪಾಡು. ಏಳು ಗಂಟೆಗೆ ಉಣ್ಣುವ ಮಾತು ನಮ್ಮ ಕಸುಬಿನಲ್ಲಿ ನಡೆಯುವುದಿಲ್ಲ. ಸೀರೆ ನೋಡಲು ಕುಳಿತವರು ಗಂಟೆಗೆ ಮುಂಚೆ ಏಳುವುದಿಲ್ಲ, ತೋರಿಸುವವನು ನಡುವೆ ಎದ್ದರೆ ವ್ಯಾಪಾರವೇ ಏಳುತ್ತದೆ. ಆದ್ದರಿಂದ ಗಿರಾಕಿಗಳ ನೂಕುನುಗ್ಗಲಿಗೆ ಮೊದಲೇ, ಆರಕ್ಕೆ, ಥಾನುಗಳ ಹಿಂದಿನ ಸಣ್ಣ ಜಾಗದಲ್ಲಿ ಕ್ಯಾರಿಯರ್ ಬಿಚ್ಚತೊಡಗಿದೆ. ಮಂಡಕ್ಕಿಯ ಹೊತ್ತನ್ನು ಊಟವೇ ಹಿಡಿದದ್ದರಿಂದ ಮಿರ್ಚಿ ತಾನಾಗಿ ತಪ್ಪಿತು. ಅದಕ್ಕಾಗಿ ಬಾಯಿ ಕಟ್ಟಬೇಕಾಗಲಿಲ್ಲ. ಮೊದಮೊದಲು ರಾತ್ರಿ ಹತ್ತಕ್ಕೆ ಹೊಟ್ಟೆ ಕೂಗುತ್ತಿತ್ತು. ಒಂದು ಲೋಟ ನೀರು ಮಜ್ಜಿಗೆಯಲ್ಲಿ ಸುಧಾರಿಸಿಕೊಂಡೆ. ಪಕ್ಕದ ಅಂಗಡಿಯ ಜೈನರು ಹುಟ್ಟಿದಾಗಿನಿಂದ ಸೂರ್ಯಾಸ್ತದೊಳಗೆ ಉಣ್ಣುವವರು. "ಸಾಹುಕಾರರೇ, ನೀವೂ ನಮ್ಮ ದಾರಿಗೆ ಬಂದಿರಾ?" ಎಂದು ನಕ್ಕರು. ಅವರದು ಅಹಿಂಸೆಯ ಲೆಕ್ಕ, ನನ್ನದು ಸಕ್ಕರೆಯ ಲೆಕ್ಕ.

ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ತಿನ್ನುವುದು ಈಗಿನ ಗೀಳು. ನನಗೆ ಅದು ತಿರುಗಾಮುರುಗಾ ಅನ್ನಿಸುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಹಾಗೆ ಮಾಡಿದವರ ತೂಕ, ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಷ್ಟೇನೂ ಇಳಿಯಲಿಲ್ಲ. 2018ರದು ಬೆರಳೆಣಿಕೆಯ ಗಂಡಸರ ಮೇಲಿನ ಪ್ರಯೋಗ, ಎಲ್ಲರೂ ನನ್ನಂತೆ ಹೊಸ್ತಿಲಲ್ಲಿದ್ದವರು. ಮಧ್ಯಾಹ್ನ ಮೂರರೊಳಗೆ ದಿನದ ಕೊನೆಯ ಊಟ ಮುಗಿಸಿದ್ದಕ್ಕೆ ತೂಕ ಇಳಿಯದೆಯೂ ಅವರ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಮೂರು ಗಂಟೆಯ ಮಾತು ಅಂಗಡಿಯವನಿಗೆ ಆಗದು, ಆರು ಆಗುತ್ತದೆ.

ನನ್ನ ಮುಂದಿನ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.8 ಬಂತು, ತೂಕ ಹೆಚ್ಚುಕಡಿಮೆ ಅಷ್ಟೇ. ರಾತ್ರಿ ಒಟ್ಟಿಗೆ ಕುಳಿತು ಉಣ್ಣುವುದು ತಪ್ಪಿತೆಂದು ಮನೆಯಾಕೆಗೆ ಬೇಸರವಿದೆ. ಆ ಪಂಕ್ತಿಯೀಗ ಬೆಳಗಿನ ರೊಟ್ಟಿಗೆ ಬಂದಿದೆ. ನಾನು ಮಾತ್ರೆ ನುಂಗುತ್ತಿರಲಿಲ್ಲ. ಇನ್ಸುಲಿನ್ ಚುಚ್ಚುಮದ್ದು ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟವನ್ನಷ್ಟೇ ಮುಂಚೆ ಮಾಡಿ ಔಷಧಿಯನ್ನು ಹಳೆಯ ಹೊತ್ತಿಗೇ ಉಳಿಸಿಕೊಂಡರೆ ನಡುರಾತ್ರಿ ಸಕ್ಕರೆ ಕುಸಿಯಬಹುದು. ಅವರು ಹೊಸ ವೇಳಾಪಟ್ಟಿಯನ್ನು ಮೊದಲು ವೈದ್ಯರಿಗೆ ತೋರಿಸಬೇಕು.